ಅಪ್ಪನ ಹೆಬ್ಬೆಟ್ಟಿನ ಮೇಲಿನ ಸಾಲು

ಶಿವನಸಮುದ್ರ, ಮಳವಳ್ಳಿ ತಾಲ್ಲೂಕು
ಭಾನುವಾರ, ೧೬ ಫೆಬ್ರವರಿ ೧೯೩೬

ನನ್ನ ಮದಲೀ,

ಲಕೋಟೆಯ ಮೇಲೆ ಸಿಸ್ಟರ್ ಮೇರಿ ಬೆನಡಿಕ್ಟ್ ಎಂದು ಬರೆದಿದ್ದೇನೆ. ಹಾಗೆ ಬರೆಯದಿದ್ದರೆ ಕಾಗದ ಮಠದ ಬಾಗಿಲು ದಾಟುವುದಿಲ್ಲವಂತೆ. ಒಳಗಡೆ ಮಾತ್ರ ನೀನು ಮದಲೇನಮ್ಮನೇ. ಅವ್ವ ನಿನಗೆಂದು ಬಿಟ್ಟುಹೋದದ್ದು ಆ ಹೆಸರೊಂದೇ. ಅದನ್ನೂ ತೆಗೆಸಿ, ಯಾವುದೋ ದೇಶದ ಗಂಡಸಿನ ಹೆಸರನ್ನು ನಿನಗೆ ಇಟ್ಟಿದ್ದಾರೆ. ಇರಲಿ, ಜಗಳ ಆಮೇಲೆ ಆಡೋಣ. ಮೊದಲು ಹೇಳು, ಆರೋಗ್ಯವಾಗಿದ್ದೀಯಾ? ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತಲ್ಲ, ವಾಸಿಯಾಯಿತೇ? ಹರಳೆಣ್ಣೆಗೆ ಚೂರು ಮೇಣ ಹಾಕಿ ಕಾಯಿಸಿ ಹಚ್ಚು. ಅಲ್ಲಿ ಮೇಣಕ್ಕೇನು ಬರವಿಲ್ಲ, ಉರಿದು ಉಳಿದ ಬತ್ತಿಯ ತುಂಡು ಕೇಳಿದರೆ ಕೊಡುತ್ತಾರೆ. ರಾಗಿ ತಿನ್ನದೆ ನಿನಗೆ ಹೊಟ್ಟೆ ಸರಿಹೋಗುವುದಿಲ್ಲವೆಂದು ನನಗೆ ಗೊತ್ತು. ಆದರೆ ಅದನ್ನು ಬಾಯಿಬಿಟ್ಟು ಕೇಳುವವಳಲ್ಲ ನೀನು.

ಇಲ್ಲಿ ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅಪ್ಪನಿಗೆ ಮಂಡಿನೋವು ಬಿಟ್ಟರೆ ಬೇರೆ ಕಾಯಿಲೆಯಿಲ್ಲ, ಆದರೆ ಕಿವಿ ಪೂರ್ತಿ ಹೋಯಿತು. ಪವರ್‌ಹೌಸಿನಲ್ಲಿ ಇಪ್ಪತ್ತೆಂಟು ವರ್ಷ ಆ ಯಂತ್ರಗಳ ಮಗ್ಗುಲಲ್ಲಿ ನಿಂತವನ ಕಿವಿಯಲ್ಲಿ ಇನ್ನೇನು ಉಳಿದೀತು. ನೀನು ಹೋದಾಗ ಒಂದಿಷ್ಟಾದರೂ ಕೇಳುತ್ತಿತ್ತು. ಈಗ ಕಿವಿಗೆ ಬಾಯಿಟ್ಟು ಕೂಗಬೇಕು. ಸಾರಿಗೆ ಉಪ್ಪು ಸಾಕೇ ಎಂದು ನಾನು ಅಪ್ಪನನ್ನು ಕೇಳಿದರೆ ಪಕ್ಕದ ಮನೆಯಿಂದ ಚಿಕ್ಕಬೋರಮ್ಮ, "ಸಾಕಂತೆ ಕಣವ್ವ, ಇಳ್ಸು" ಎನ್ನುತ್ತಾಳೆ. ನಮ್ಮ ಮನೆಯಲ್ಲಿ ಈಗ ಗುಟ್ಟು ಎನ್ನುವುದೇ ಉಳಿದಿಲ್ಲ.

ನಿಮ್ಮಲ್ಲಿಯೂ ಅಷ್ಟೇ ಎಂದು ಬಲ್ಲೆ. ಈ ಕಾಗದವನ್ನು ನಿನಗಿಂತ ಮೊದಲು ನಿಮ್ಮ ಮದರ್ ಒಡೆದು ಓದುತ್ತಾರೆ. ಹದಿನೈದು ವರ್ಷ ಈ ಸೀಮೆಯಲ್ಲಿದ್ದು ಅಚ್ಚುಕಟ್ಟಾಗಿ ಕನ್ನಡ ಕಲಿತಿದ್ದಾರೆಂದು ನೀನೇ ಬರೆದಿದ್ದೆ. ಹಾಗಾದರೆ ಅವರಿಗೂ ನನ್ನ ನಮಸ್ಕಾರ. ಮದರ್, ತಮ್ಮ ಮೇಲೆ ನನಗೆ ಸಿಟ್ಟಿದೆ, ಮರ್ಯಾದೆಯೂ ಇದೆ. ತಾಲ್ಲೂಕು ಕಚೇರಿಗೆ, ಪತ್ರಿಕೆಗಳಿಗೆ, ಸ್ಕೂಲ್ ಇನ್‌ಸ್ಪೆಕ್ಟರಿಗೆ ಅರ್ಜಿ ಬರೆದೂ ಬರೆದೂ ನನ್ನ ಕೈ ಒರಟಾಗಿದೆ. ತಾವು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಕೊನೆಯವರೆಗೂ ಓದಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಮೂರು ವಾರದ ಹಿಂದೆ ಒಂದೇ ದಿನ ಎರಡು ಕಾಗದ ಬಂದವು. ಒಂದು ನಿಮ್ಮ ಮದರ್ ಅಪ್ಪನ ಹೆಸರಿಗೆ ಬರೆದದ್ದು. ನಿಮ್ಮ ಮಗಳು ಮಾರ್ಚಿ ಹತ್ತೊಂಬತ್ತಕ್ಕೆ, ಜೋಸೆಫರ ಹಬ್ಬದ ದಿನ, ವ್ರತ ಕೈಗೊಳ್ಳಲಿದ್ದಾಳೆ. ಅವಳಿಲ್ಲದೆ ನಡೆಯದಂಥ ಕಷ್ಟ ಮನೆಯಲ್ಲಿದ್ದರೆ ಈಗಲೇ ತಿಳಿಸಿ, ಕಳಿಸಿಕೊಡುತ್ತೇವೆ ಎಂದಿತ್ತು. ಹೀಗೆ ಸೇರುವ ಮೊದಲು ಒಂದು ಸಲ, ವ್ರತಕ್ಕೆ ಮೊದಲು ಒಂದು ಸಲ ಮನೆಯವರನ್ನು ಕೇಳುವುದು ನಿಮ್ಮ ಮಠದ ಪದ್ಧತಿ. ಇನ್ನೊಂದು ಕಾಗದ ನೀನು ನನಗೆ ಬರೆದದ್ದು. "ಅಕ್ಕಾ, ಇದು ನಿನ್ನ ಜಾಗ. ಅಪ್ಪ ನಿನ್ನನ್ನು ತಡೆದದ್ದು ನನಗೋಸ್ಕರ. ನಿನ್ನಿಂದ ಕಿತ್ತುಕೊಂಡ ಜಾಗದಲ್ಲಿ ಮಂಡಿಯೂರಿ ದೇವರಿಗೆ ಹೇಗೆ ಮಾತು ಕೊಡಲಿ? ನೀನು ಬಾ ಅಂದರೆ ಬಂದುಬಿಡುತ್ತೇನೆ. ಇರು ಅಂದರೆ ಮಾತ್ರ ಇರುತ್ತೇನೆ."

ಎರಡನ್ನೂ ಮಡಿಸಿ ಸ್ಕೂಲಿನ ಹಾಜರಿ ಪುಸ್ತಕದೊಳಗೆ ಇಟ್ಟೆ. ಮೂರು ವಾರ ಹೆಸರು ಕೂಗುವಾಗ ದಿನಾ ಕಣ್ಣಿಗೆ ಬೀಳುತ್ತಿದ್ದವು. ನಾನು ಮರೆತಿರಲಿಲ್ಲ, ಬೇಕೆಂದೇ ಸುಮ್ಮನಿದ್ದೆ. ಇಪ್ಪತ್ತಾರಕ್ಕೆ ಬೂದಿ ಬುಧವಾರ. ಅಲ್ಲಿಂದ ತಪಸ್ಸಿನ ನಲವತ್ತು ದಿನ ನಿಮಗೆ ಮನೆಯ ಕಾಗದ ಕೊಡುವುದಿಲ್ಲ, ಈಸ್ಟರ್‌ವರೆಗೆ ಪೆಟ್ಟಿಗೆಯಲ್ಲಿ ಇಡುತ್ತಾರೆ. ಇನ್ನು ಹತ್ತು ದಿನ ನಾನು ಸುಮ್ಮನಿದ್ದರೆ ಸಾಕು, ನನ್ನ ಉತ್ತರವಿಲ್ಲದೆ ನೀನು ವ್ರತಕ್ಕೆ ನಿಲ್ಲುವವಳಲ್ಲ. ಒಂದು ಮಾತೂ ಆಡದೆ ನಿನ್ನನ್ನು ಕೆಡಿಸುವ ದಾರಿ ನನ್ನ ಮುಂದಿತ್ತು. ಅದರಲ್ಲಿ ಹತ್ತಿರಹತ್ತಿರ ಕೊನೆಯವರೆಗೆ ನಡೆದೆ.

ಇದಕ್ಕೆ ಪುಸ್ತಕದಲ್ಲಿ ಅಸೂಯೆ ಎನ್ನುತ್ತಾರೆ. ನನ್ನದು ಅಷ್ಟು ನಯವಾದದ್ದಲ್ಲ, ಹೊಟ್ಟೆಕಿಚ್ಚು. ಹದಿನಾಲ್ಕನೆಯ ವಯಸ್ಸಿನಲ್ಲಿ ಬೋರ್ಡಿಂಗ್ ಸ್ಕೂಲಿನ ಗುಡಿಯಲ್ಲಿ ಒಬ್ಬಳೇ ಕುಳಿತಿದ್ದಾಗ ನಾನು ಈ ದೇವರವಳೇ ಎಂದು ನನಗೆ ತಿಳಿಯಿತು. ಯಾರೂ ಹೇಳಲಿಲ್ಲ, ಬೆಳಕು ಗಿಳಕು ಏನೂ ಕಾಣಲಿಲ್ಲ. ಹಸಿವಾದದ್ದು ತಿಳಿಯುವಂತೆ ತಿಳಿಯಿತು, ಅಷ್ಟೇ. ಆಮೇಲೆ ಹದಿನೆಂಟನೆಯ ಇಸವಿಯ ಮಹಾಜ್ವರದಲ್ಲಿ ಅವ್ವ ಮೂರೇ ದಿನಕ್ಕೆ ಹೋದಳು. ನನಗೆ ಹದಿನೆಂಟು, ನಿನಗೆ ನಾಲ್ಕು. ಎರಡು ವರ್ಷ ಕಾದೆ. ಇಪ್ಪತ್ತನೆಯ ಇಸವಿ ಜೂನ್ ತಿಂಗಳಲ್ಲಿ ಇದೇ ಪ್ರಶ್ನೆ ಇದೇ ಮಠದಿಂದ ನನ್ನ ವಿಷಯವಾಗಿ ಬಂತು. ಅಪ್ಪನಿಗೆ ಅಕ್ಷರ ಬಾರದು. ಅವನು ಹೇಳಬೇಕು, ನಾನು ಬರೆಯಬೇಕು, ಕೆಳಗೆ ಅವನು ಹೆಬ್ಬೆಟ್ಟು ಒತ್ತಬೇಕು. ಈ ಮನೆಯಿಂದ ಹೋದ ಕಾಗದದಲ್ಲಿ ಇದ್ದದ್ದು ಒಂದೇ ಸಾಲು, ನನ್ನ ಹಿರಿಯ ಮಗಳು ಮನೆಗೆ ಬೇಕು, ಕಳಿಸಲಾಗುವುದಿಲ್ಲ ಎಂದು. ಅಪ್ಪ ನನ್ನನ್ನು ಕೊಡಲಿಲ್ಲ ಎಂಬ ಕತೆಯನ್ನು ನೀನು ಕೇಳಿಕೊಂಡೇ ಬೆಳೆದೆ. ನೀನು ಮಾತು ಕೇಳದಾಗ, ಪಾಠ ಒಪ್ಪಿಸದಾಗ, ಹೊಳೆಗೆ ಇಳಿದಾಗ ನಾನು ಅದನ್ನೇ ಹೇಳಿದ್ದೇನೆ. ನಿನಗೋಸ್ಕರ ಉಳಿದವಳು ನಾನು, ನೆನಪಿರಲಿ.

ಅಪ್ಪನೂ ಒಂದು ವಿಚಿತ್ರ. ಮಠದ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದ. ಎರಡು ವರ್ಷದ ಹಿಂದೆ ನೀನು ಹೊರಟಾಗ ತಿಂಗಳ ಪೂಜೆಗೆ ಬಂದಿದ್ದ ಗುರುಸ್ವಾಮಿಗಳೇ ಅಪ್ಪನನ್ನು ಕೇಳಿ, ತಾವೇ ಉತ್ತರ ಬರೆದುಕೊಂಡು ಹೋದರು. ಆಗ ಅಪ್ಪ ಏನೆಂದ, ನೆನಪಿದೆಯಾ? "ಈ ಸಲ್ವಾರ ಸರ್ಯಾಗ್ ನೋಡಿ ತಕಳ್ಳಿ ಅನ್ನಿ ಸ್ವಾಮೇರೆ. ಆಮ್ಯಾಕೆ ಅದ್ ಸರಿಯಿಲ್ಲ ಇದ್ ಸರಿಯಿಲ್ಲ ಅನ್ಬಾರ್ದು." ಎತ್ತಿನ ವ್ಯಾಪಾರಕ್ಕೆ ಕೂತವನ ಹಾಗೆ ಮಾತಾಡಿದ ಎಂದು ನೀವೆಲ್ಲ ಬಿದ್ದುಬಿದ್ದು ನಕ್ಕಿರಿ. ನಾನು ನಗಲಿಲ್ಲ. ಪುಟ್ಟಮಾದಮ್ಮನ ಹಟ್ಟಿಯಿಂದ ಅವನು ಬೆಳಿಗ್ಗೆ ಬೆಳಿಗ್ಗೆ ನನಗೊಬ್ಬಳಿಗೇ ಒಂದು ಲೋಟ ಆಡಿನ ಹಾಲು ತಂದುಕೊಡುವುದು ಇನ್ನೂ ನಿಂತಿಲ್ಲ. ಅಕ್ಕನಿಗೆ ಮಾತ್ರ ಯಾಕೆ, ನನಗ್ಯಾಕಿಲ್ಲ ಎಂದು ನೀನು ಕಾಲು ಅಪ್ಪಳಿಸಿ ಅಳುತ್ತಿದ್ದೆಯಲ್ಲ. ಹೊಟ್ಟೆಕಿಚ್ಚು ನಮ್ಮ ಮನೆಯಲ್ಲಿ ನನ್ನೊಬ್ಬಳದೇ ಆಸ್ತಿಯಲ್ಲ ಎಂದು ನೆನೆದು ಈಗಲೂ ಸ್ವಲ್ಪ ಸಮಾಧಾನ ಪಡುತ್ತೇನೆ.

ನೀನು ಹೊರಟ ದಿನ ಮದ್ದೂರಿನವರೆಗೆ ಬಸ್ಸಿನಲ್ಲಿ ಬಂದು ರೈಲು ಹತ್ತಿಸಿದವಳು ನಾನು. ಆ ಬಸ್ಸಿನ ಬಗ್ಗೆ ಮೂರು ಅರ್ಜಿ ಬರೆದಿದ್ದೇನೆ, ಮಳವಳ್ಳಿಯಲ್ಲಿ ಒಂದು ಗಂಟೆ ಸುಮ್ಮನೆ ನಿಲ್ಲಿಸುವುದನ್ನು ಇನ್ನೂ ಬಿಟ್ಟಿಲ್ಲ. ಅವತ್ತು ಮಾತ್ರ ಇನ್ನೂ ಒಂದು ಗಂಟೆ ನಿಂತರೆ ರೈಲು ತಪ್ಪೀತು ಎಂದು ಆಸೆಪಟ್ಟೆ. ತಪ್ಪಲಿಲ್ಲ. ಸ್ಟೇಷನ್ನಿನಲ್ಲಿ ನೀನು ನನ್ನ ಕೈಯಿಂದ ಗಂಟು ತೆಗೆದುಕೊಂಡೆ, ಕೆನ್ನೆಗೆ ಮುತ್ತು ಕೊಟ್ಟೆ, ಗಾಡಿ ಹತ್ತಿ ಆಚೆ ಕಿಟಕಿಯ ಹತ್ತಿರ ಕುಳಿತೆ. ಬೆಂಗಳೂರಿನ ಕಡೆಗೇ ನಿನ್ನ ಮುಖ. ಪ್ಲಾಟ್‌ಫಾರಮ್ಮಿನ ಕಡೆಯದು ಖಾಲಿಯಿತ್ತು. ಗಾಡಿ ಸೇತುವೆಯ ಕಡೆ ಹೋಗಿ ಹೊಗೆಯೂ ಕಾಣದಾಗುವವರೆಗೆ ನಿಂತು ನೋಡಿದೆ. ನೀನು ಒಂದು ಸಲವೂ ತಿರುಗಿ ನೋಡಲಿಲ್ಲ. ಬೇಜಾರಿನಿಂದ ನೋಡದೆ ಇದ್ದಿದ್ದರೆ ಕ್ಷಮಿಸುತ್ತಿದ್ದೆ. ನಿನಗೆ ಸಂತೋಷವಾಗಿತ್ತು. ಅದನ್ನು ಈ ಹೊತ್ತಿಗೂ ನಾನು ಕ್ಷಮಿಸಿಲ್ಲ.

ಹೋದ ವರ್ಷ ನಿನಗೆ ಮಠದ ಉಡುಪು ಕೊಡುವ ದಿನ ಬಂದೆನಲ್ಲ, ಕೊನೆಯ ಬೆಂಚಿನಲ್ಲಿ ಕುಳಿತಿದ್ದೆ. ಬಿಳಿಯ ಸೀರೆ ಉಡಿಸಿ, ತಲೆಗೆ ಹೂವಿನ ದಂಡೆ ಕಟ್ಟಿ, ನಿನ್ನನ್ನು ಮದುವಣಗಿತ್ತಿಯ ಹಾಗೆ ಕರೆತಂದರು. ನನ್ನ ಕಣ್ಣು ತುಂಬಿ ಬಂತು. ಪಕ್ಕದಲ್ಲಿದ್ದ ಹೆಂಗಸು ತಾಯಿಯೇ ಎಂದು ಕೇಳಿದಳು. ಅಲ್ಲ ಎನ್ನಬೇಕಾಯಿತು. ಆಮೇಲೆ ಆ ಎತ್ತರದ ಸಿಸ್ಟರ್ ಕತ್ತರಿ ತಂದರು. ಆ ಕೂದಲಿಗೆ ಎಣ್ಣೆ ಹಚ್ಚಿ, ಹೇನು ಹೆಕ್ಕಿ, ಸಿಕ್ಕು ಬಿಡಿಸಿದ್ದು ಹದಿನಾರು ವರ್ಷ. ಅದನ್ನು ಹಿಡಿದುಕೊಳ್ಳುವುದು ಕೂಡ ಅವರಿಗೆ ಬರಲಿಲ್ಲ, ಹುಲ್ಲು ಹಿಡಿದ ಹಾಗೆ ಹಿಡಿದರು. ಜಡೆಯನ್ನು ಕೊಡಿ ಎಂದು ಕೇಳಿದೆ, ಸುಡುವುದೇ ವಾಡಿಕೆ ಎಂದರು. ಊರಿಗೆ ಬಂದು ನಮ್ಮ ಹೆಡ್‌ಮಿಸ್ಟ್ರೆಸ್ ಪಂಕಜಮ್ಮನವರಿಗೆ ಇದನ್ನೆಲ್ಲ ಹೇಳಿದೆ. ಅವರು ಹದಿಮೂರನೆಯ ವಯಸ್ಸಿಗೆ ವಿಧವೆಯಾದವರು, ಕೆಂಪು ಸೀರೆಯ ಸೆರಗು ತಲೆಯಿಂದ ಜಾರಗೊಡುವುದಿಲ್ಲ. "ನಮ್ಮಲ್ಲಿ ಕೂದಲು ತೆಗೆಸೋವಾಗ ಮನೆಯೋರೆಲ್ಲಾ ಅಳ್ತಾರೆ ಜ್ಞಾನಮ್ಮ. ನಿಮ್ಮಲ್ಲಿ ಹಾಡು ಹೇಳ್ತಾರೆ ಅಂತೀರಲ್ಲ, ಅವಳೇ ಕೇಳಿ ತೆಗೆಸಿಕೊಂಡಳೇ" ಎಂದರು. ಹೌದು, ಕೇಳಿಯೇ ಎಂದೆ. "ಪುಣ್ಯವಂತೆ" ಎಂದು ಬೋರ್ಡಿನ ಕಡೆ ತಿರುಗಿಕೊಂಡರು. ಅವರಿಗೂ ನಿನ್ನ ಮೇಲೆ ಹೊಟ್ಟೆಕಿಚ್ಚು ಬಂತೆಂದು ಕಾಣುತ್ತದೆ. ಆ ಒಂದು ಗಳಿಗೆ ನಾವಿಬ್ಬರೂ ಒಂದೇ ಜಾತಿಯವರಾಗಿದ್ದೆವು.

ಚಿಕ್ಕಬೋರಮ್ಮನದು ಬೇರೆಯೇ ಲೆಕ್ಕ. "ದ್ಯಾವ್ರಿಗೆ ಬುಟ್ಟವ್ರಂತೆ ಮದ್ಲೀನ. ನಾವೂ ಬಸವನ್ನ ಬುಡ್ತೀವಿ ಕಣವ್ವ. ಬುಟ್ ಮ್ಯಾಕೂ ಅದು ಊರೊಳ್ಗೇ ಮೇಯ್ಕಂಡಿರ್ತದೆ, ಬೇಕಾದಾಗ ಬೆನ್ ಸವರ್ಬೋದು. ನಿಮ್ ದ್ಯಾವ್ರು ಅದ್ಯಾಕೆ ಬೆಂಗ್ಳೂರ್ಗೇ ಒಡ್ಕಂಡೋದ" ಎಂದು ನನ್ನನ್ನು ಕೇಳಿದಳು. ಇಷ್ಟು ಪುಸ್ತಕ ಓದಿದ್ದೇನೆ, ಇದಕ್ಕೆ ಉತ್ತರ ಯಾವುದರಲ್ಲೂ ಇಲ್ಲ. ನಮ್ಮ ಕಾಲಬುಡದಲ್ಲಿ ಹೊಳೆ ಬಿದ್ದು ಕರೆಂಟು ಹುಟ್ಟುತ್ತದೆ, ತಂತಿಯ ಮೇಲೆ ಕೋಲಾರಕ್ಕೂ ಬೆಂಗಳೂರಿಗೂ ಹೋಗುತ್ತದೆ, ನಮ್ಮ ಬೀದಿಯಲ್ಲಿ ಸೀಮೆಎಣ್ಣೆಯ ಬುಡ್ಡಿ. ಅದರ ಬಗ್ಗೆ ನಾನು ಎಷ್ಟು ಅರ್ಜಿ ಬರೆದೆನೆಂದು ನಿನಗೇ ಗೊತ್ತು. ಆದರೆ ಮಗಳು ಹೋದದ್ದಕ್ಕೆ ಅರ್ಜಿ ಬರೆಯಲು ಕಚೇರಿ ಯಾವುದಿದೆ? ಮಗಳು ಎಂದು ಬರೆದುಬಿಟ್ಟೆ. ತಂಗಿ ಎಂದು ಓದಿಕೋ.

ನಿನಗೆ ದಿನಕ್ಕೆ ಏಳು ಸಲ ಪ್ರಾರ್ಥನೆಗೆ ಗಂಟೆ ಹೊಡೆಯುತ್ತಾರಂತೆ. ಇಲ್ಲಿ ಅನ್ನ ಉಕ್ಕಿದರೆ ಅದೇ ಗಂಟೆ. ನಿನಗೆ ದಿನಾ ಪೂಜೆ, ನನಗೆ ತಿಂಗಳಿಗೊಂದು, ಅದೂ ಸೇತುವೆಯ ಮೇಲೆ ನೀರು ಬಾರದಿದ್ದರೆ. ನೀನು ಮೌನದಲ್ಲಿ ದೇವರ ಮಾತು ಕೇಳುತ್ತೀಯೆ. ನಾನು ನಲವತ್ತು ಹುಡುಗಿಯರ ಮಗ್ಗಿಯ ನಡುವೆ ಅವನು ಏನಾದರೂ ಹೇಳಿಯಾನೇ ಎಂದು ಇಷ್ಟು ವರ್ಷ ಕಿವಿಗೊಟ್ಟಿದ್ದೇನೆ. ಅವನಿಗೆ ನಮ್ಮ ಮನೆಯಿಂದ ಒಬ್ಬಳು ಬೇಕಿದ್ದರೆ ಬಾಗಿಲ ಮುಂದೆ ಮೊದಲು ನಿಂತಿದ್ದವಳನ್ನು ಬಿಟ್ಟು, ಹಿಂದೆ ಸೆರಗು ಹಿಡಿದು ನಿಂತಿದ್ದವಳ ಕೈ ಹಿಡಿದನಲ್ಲ, ಇದು ನ್ಯಾಯವೇ? ಮದರ್, ಇದು ದೇವದೂಷಣೆಯಾದರೆ ಗುರುಸ್ವಾಮಿಗಳು ಬಂದಾಗ ಪಾಪನಿವೇದನೆ ಮಾಡಿಕೊಳ್ಳುತ್ತೇನೆ. ಸಾಲನ್ನು ಮಾತ್ರ ಹೊಡೆದುಹಾಕಬೇಡಿ.

ನೀನು ಕೇಳಿದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ಇರು ಎನ್ನಲು ಬಾಯಿ ಬರುವುದಿಲ್ಲ, ಬಾ ಎನ್ನಲು ಮುಖವಿಲ್ಲ. ನಾಳೆ ಬೆಳಿಗ್ಗೆ ಅಪ್ಪನನ್ನು ಕೂರಿಸಿ ಮದರ್ ಅವರ ಪ್ರಶ್ನೆಯನ್ನು ಅವನ ಕಿವಿಗೆ ಕೂಗುತ್ತೇನೆ. ಅವನು ಹೇಳಿದ್ದನ್ನು ಬರೆದು ಇದರ ಜೊತೆಯಲ್ಲೇ ಹಾಕುತ್ತೇನೆ. ಅವನ ಮಾತೇ ಈ ಮನೆಯ ಉತ್ತರವಾಗಲಿ.

ಅಪ್ಪ ನಿನ್ನ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದ್ದಾನೆ. ಇಲ್ಲಿಂದಲೇ, ಗಾಳಿಯಲ್ಲಿ ಕೈಯಿಟ್ಟು. ಚಿಕ್ಕಬೋರಮ್ಮ ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಸರ್ವೇಶ್ವರ ನಿನ್ನ ಹಿಮ್ಮಡಿಯನ್ನೂ ಮನಸ್ಸನ್ನೂ ಕಾಯಲಿ.

ನಿನ್ನ ಅಕ್ಕ,
ಜ್ಞಾನಮ್ಮ

ಮರೆತದ್ದು, ಸೋಮವಾರ ಬೆಳಿಗ್ಗೆ: ಎಂಟು ಗಂಟೆಗೆ ಅಂಚೆ ಚೀಲ ಕಟ್ಟುತ್ತಾರೆ, ಹೆಚ್ಚು ಹೊತ್ತಿಲ್ಲ. ಮರೆತದ್ದು ಎನ್ನುವುದೂ ಸುಳ್ಳೇ. ಅಪ್ಪನ ಉತ್ತರ ಆಯಿತು. ಪ್ರಶ್ನೆ ಕೂಗಿದ ಕೂಡಲೇ, "ಬರ್ಕೊ ಮಗ. ನಮ್ಗೇನೂ ತೊಂದ್ರೆ ಇಲ್ಲ. ದ್ಯಾವ್ರು ಕರ್ದವ್ನೆ, ಓಗ್ಲಿ" ಎಂದ. ಅಷ್ಟನ್ನೇ ಬರೆದೆ. ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಕಾಗದದ ಮೇಲೆ ಊರುತ್ತಾ ಅಪ್ಪ ನನ್ನ ಮುಖ ನೋಡಿ, "ಆವತ್ತೂ ಇದ್ನೇ ಅಲ್ವಾ ನಾನ್ ಬರ್ಸಿದ್ದು" ಎಂದ.

ಹೌದು ಮದಲಿ. ಇಪ್ಪತ್ತನೆಯ ಇಸವಿಯಲ್ಲೂ ಅವನು ಇದನ್ನೇ ಹೇಳಿದ್ದ. ಕರ್ಕಳಿ ಅಂತ ಬರೀ ಎಂದಿದ್ದ. ಮನೆಗೆ ಬೇಕು, ಕಳಿಸಲಾಗುವುದಿಲ್ಲ ಎಂದು ಬರೆದದ್ದು ನಾನು. ಓದಲು ಬಾರದವನ ಹೆಬ್ಬೆಟ್ಟನ್ನು ಅದರ ಕೆಳಗೆ ಒತ್ತಿಸಿಕೊಂಡೆ. ಅಪ್ಪನಿಗೆ ನನ್ನ ಎದೆ ಸರಿಯಿಲ್ಲವೆಂದು ಮಠದವರೇ ಬೇಡವೆಂದರು ಎಂದೆ. ಆಡಿನ ಹಾಲು ಆ ಎದೆಗೆ. ಮಠದ ಮೇಲೆ ಅವನ ಸಿಟ್ಟು ಅದಕ್ಕೆ. ನಿನಗೆ ಅಪ್ಪ ಕೊಡಲಿಲ್ಲ ಎಂದೆ.

ನಿನಗಾಗಿ ಉಳಿದೆ ಎಂದು ತಿಳಿದು ಅಳಬೇಡ. ನಾನು ಹೋದಮೇಲೆ ನಿನ್ನನ್ನು ಚಿಕ್ಕಬೋರಮ್ಮ ನೋಡಿಕೊಳ್ಳುವುದೆಂದು ಮಾತಾಗಿತ್ತು. ಅಭ್ಯಾಸವಾಗಲಿ ಎಂದು ನಾಲ್ಕು ದಿನ ಅವಳ ಮನೆಯಲ್ಲೇ ಬಿಟ್ಟೆ. ನೀನು ಅಳುತ್ತೀಯೆಂದು ಗೋಡೆಗೆ ಕಿವಿಯಿಟ್ಟು ಕಾದೆ. ನೀನು ಅಳಲಿಲ್ಲ. ಐದನೆಯ ಬೆಳಿಗ್ಗೆ ಹೋಗಿ ನೋಡಿದರೆ ನೀನು ಅವಳ ಕಾಲ ಸಂದಿಯಲ್ಲಿ ಕುಳಿತು ಜಡೆ ಹಾಕಿಸಿಕೊಳ್ಳುತ್ತಿದ್ದೆ. ಅವಳನ್ನು ಅವ್ವ ಎಂದೆ. ನನ್ನನ್ನು ನೋಡಿ ನಕ್ಕೆ, ಎದ್ದು ಬರಲಿಲ್ಲ. ಮನೆಗೆ ಬಂದು ಆ ಕಾಗದ ಬರೆದದ್ದು ಅದೇ ಬೆಳಿಗ್ಗೆ. ನಿನಗೆ ನಾನು ಬೇಕಾಗಿದ್ದೆ ಎಂದು ಉಳಿಯಲಿಲ್ಲ. ಬೇಡವಾಗಿದ್ದೇನೆ ಎಂದು ಕಂಡು, ಅದನ್ನು ತಾಳಲಾರದೆ ಉಳಿದೆ. ಬದುಕನ್ನೇ ದೇವರಿಗೆ ಕೊಡಲು ಹೊರಟವಳು ಒಂದು ಜಡೆಯನ್ನು ಬಿಟ್ಟುಕೊಡಲಾರದೆ ಹೋದೆ. ಆ ಎತ್ತರದ ಸಿಸ್ಟರಿಗೆ ಹೇಳು, ಅವರ ಮೇಲೆ ನನಗೆ ಸಿಟ್ಟಿಲ್ಲ.

ಆದ್ದರಿಂದ ನೀನು ಯಾರ ಜಾಗವನ್ನೂ ಕಿತ್ತುಕೊಂಡಿಲ್ಲ. ಇರು. ಜೋಸೆಫರ ಹಬ್ಬದ ದಿನ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ಹೊಟ್ಟೆಕಿಚ್ಚು ಜೊತೆಗೇ ಬರುತ್ತದೆ, ಅದನ್ನು ಮನೆಯಲ್ಲಿ ಬಿಟ್ಟುಬರಲು ನನಗೆ ಇನ್ನೂ ಆಗಿಲ್ಲ. ಮದರ್, ತಮ್ಮ ಮಠದ ಹಳೆಯ ಕಾಗದಗಳಲ್ಲಿ ನನ್ನ ಸುಳ್ಳೊಂದು ಇದೆ. ಹುಡುಕಿದರೆ ಸಿಗುತ್ತದೆ, ಅಕ್ಷರ ಇದೇ ಅಕ್ಷರ.

ಅಪ್ಪ ಕೇಳಿದ್ದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಹಾಲಿನ ಲೋಟ ನನ್ನ ಮುಂದಿಟ್ಟು ಜಗುಲಿಯ ಮೇಲೆ ಕುಳಿತಿದ್ದಾನೆ. ಇದನ್ನು ಅಂಚೆಗೆ ಹಾಕಿ ಬಂದು ಹೇಳಬೇಕು. ಮೆಲ್ಲಗೆ ಹೇಳಿದರೆ ಅವನಿಗೆ ಕೇಳುವುದಿಲ್ಲ. ಕೂಗಿ ಹೇಳಿದರೆ ಚಿಕ್ಕಬೋರಮ್ಮನಿಗೂ ಬೀದಿಗೂ ತಿಳಿಯುತ್ತದೆ. ತಿಳಿಯಲಿ.